ಸಮೀಕ್ಷೆಯ ಪಟ್ಟಿಯಲ್ಲಿ ನಮ್ಮ ಮತ



ಚುನಾವಣೆ ಸಮೀಪಿಸಿದೊಡನೆ ಟಿ.ವಿ. ಪರದೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಒಕ್ಕಲಿಗರ ಮತ ಇಷ್ಟು, ಲಿಂಗಾಯತರದು ಇಷ್ಟು, ದಲಿತರದು ಇಷ್ಟು, ಮುಸ್ಲಿಮರದು ಇಷ್ಟು ಎಂದು ಹಂಚಲಾಗುತ್ತದೆ. ಮರುದಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಂಗಡಿಗಳಲ್ಲಿ ಅದೇ ಚರ್ಚೆ. ಈ ಪಟ್ಟಿಯನ್ನು ನಾವು ಎಷ್ಟು ನಂಬಬೇಕು?

ಮೊದಲು ಲೆಕ್ಕ ನೋಡೋಣ. ಸಮೀಕ್ಷೆಯೊಂದು ರಾಜ್ಯದಲ್ಲಿ 5,000 ಮಂದಿಯನ್ನು ಮಾತನಾಡಿಸಿತೆಂದಿಟ್ಟುಕೊಳ್ಳಿ. 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಸರಾಸರಿ 22 ಮಂದಿ. ಹಾಸನ ಜಿಲ್ಲೆಯ ಏಳು ಕ್ಷೇತ್ರಗಳಿಗೆ ಸುಮಾರು 155. 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ಶೇ. 13ರಷ್ಟು. ಅಂದರೆ ಆ 5,000ದಲ್ಲಿ ಮುಸ್ಲಿಮರು ಸುಮಾರು 650. ಅಷ್ಟು ಮಂದಿಯಿಂದ ಬಂದ ಅಂಕಿ ನಾಲ್ಕು ಶೇಕಡಾ ಆಚೀಚೆ ಆಗಬಹುದು. ಅವರಲ್ಲಿ ಯುವತಿಯರನ್ನಷ್ಟೇ ಬೇರ್ಪಡಿಸಿದರೆ ಉಳಿಯುವವರು ನೂರರಷ್ಟು. ಆಗ ಅಂಕಿ ಹತ್ತು ಶೇಕಡಾ ಆಚೀಚೆ. ಗುಂಪು ಚಿಕ್ಕದಾದಷ್ಟೂ ಅಂಕಿ ದುರ್ಬಲ.

ಹಾಗೆಂದು ಸಮೀಕ್ಷೆಗಳೆಲ್ಲ ಸುಳ್ಳಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಆಕ್ಸಿಸ್ ಮೈ ಇಂಡಿಯಾ ಸಂಸ್ಥೆಯು ಕಾಂಗ್ರೆಸ್ಸಿಗೆ 122ರಿಂದ 140 ಸ್ಥಾನ ಎಂದಿತ್ತು, ಬಂದದ್ದು 135. ಆದರೆ ರಾಜ್ಯದ ಗಾಳಿ ಎಲ್ಲೆಡೆ ಒಂದೇ ರೀತಿ ಬೀಸುವುದಿಲ್ಲ. ಅದೇ ಚುನಾವಣೆಯಲ್ಲಿ ಜೆಡಿಎಸ್ 37ರಿಂದ 19 ಸ್ಥಾನಕ್ಕೆ ಕುಸಿದರೂ ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣವನ್ನೊಳಗೊಂಡ ಶ್ರವಣಬೆಳಗೊಳ, ನಾಲ್ಕರಲ್ಲೂ ಗೆದ್ದಿತು. ಮರುವರ್ಷ ಬಿಜೆಪಿಯ ಮೈತ್ರಿಯೊಡನೆ ಸ್ಪರ್ಧಿಸಿದ ಅದೇ ಪಕ್ಷ ಹಾಸನ ಲೋಕಸಭಾ ಸ್ಥಾನವನ್ನು 42 ಸಾವಿರಕ್ಕೂ ಹೆಚ್ಚು ಮತಗಳಿಂದ ಕಳೆದುಕೊಂಡಿತು. ಮತದಾರ ಯಾರ ಸ್ವತ್ತೂ ಅಲ್ಲ.

2023ರಲ್ಲಿ ಹೊಳೆನರಸೀಪುರದ ಗೆಲುವಿನ ಅಂತರ ಕೇವಲ 3,152. ಇಷ್ಟು ಕಡಿಮೆ ಅಂತರವಿರುವಲ್ಲಿ ಯಾವ ಸಮುದಾಯದ ಮುಖಂಡನೂ 'ಗೆಲ್ಲಿಸಿದ್ದು ನಾವೇ' ಎನ್ನಬಹುದು. ಆದರೆ ಯಾರು ಯಾರಿಗೆ ಮತ ಹಾಕಿದರೆಂಬುದನ್ನು ಫಲಿತಾಂಶ ಹೇಳುವುದಿಲ್ಲ.

ಮುಸ್ಲಿಮರು ಒಟ್ಟಾಗಿ ಮತ ಹಾಕುತ್ತಾರೆಂಬ ಆಪಾದನೆಯನ್ನೂ ಪರಿಶೀಲಿಸೋಣ. 1995ರಲ್ಲಿ ಇದೇ ಜಿಲ್ಲೆಯ ದೇವೇಗೌಡರ ಸರಕಾರ 2ಬಿ ಪ್ರವರ್ಗದಲ್ಲಿ ನಾಲ್ಕು ಶೇಕಡಾ ಮೀಸಲಾತಿ ನೀಡಿತು. 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಬೊಮ್ಮಾಯಿ ಸರಕಾರ ಅದನ್ನು ರದ್ದುಗೊಳಿಸಲು ಹೊರಟಿತು. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅದು ಜಾರಿಯಾಗದೆ ನಿಂತಿತು. ಒಂದು ಆದೇಶ ಇಡೀ ಸಮುದಾಯದ ಮಕ್ಕಳ ಸೀಟನ್ನು ತಟ್ಟಿದಾಗ ಅವರ ಮತಗಳು ಒಂದು ಕಡೆಗೆ ವಾಲುವುದು ಸಹಜ. ಅದು ಯಾರದೋ ಅಪ್ಪಣೆಯಿಂದಾದುದಲ್ಲ. ಹಾಗೆಯೇ 2023ರ ಲೋಕನೀತಿ ಸಮೀಕ್ಷೆಯಲ್ಲಿ ರಾಜ್ಯದ ಮತದಾರರು ಮುಂದಿಟ್ಟ ಮೊದಲ ಸಮಸ್ಯೆ ನಿರುದ್ಯೋಗ. ಅದು ನಮ್ಮ ಗ್ಯಾರೇಜು, ಗುಜರಿ, ತರಕಾರಿ ಗಾಡಿಗಳ ಯುವಕರ ಸಮಸ್ಯೆಯೂ ಹೌದು.

ಸಮೀಕ್ಷೆಗಿಂತ ಹೆಚ್ಚು ಗಮನಿಸಬೇಕಾದುದು ಇನ್ನೊಂದಿದೆ. ಇಂದು ಮತಗಳ ಎಣಿಕೆ ಬೂತುವಾರು ಪ್ರಕಟವಾಗುತ್ತದೆ. ಮೊಹಲ್ಲಾದ ಮತ ಯಾರಿಗೆ ಬಿತ್ತೆಂದು ಗೆದ್ದವರಿಗೂ ಸೋತವರಿಗೂ ತಿಳಿಯುತ್ತದೆ. ಚರಂಡಿ, ನೀರು, ರಸ್ತೆಯ ವಿಷಯದಲ್ಲಿ ಅದರ ಸೇಡು ತೀರಿಸುವ ಅವಕಾಶ ಉಳಿಯುತ್ತದೆ. ಹಲವು ಬೂತುಗಳ ಮತಗಳನ್ನು ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಆದರೂ ಜಾರಿಯಾಗಿಲ್ಲ. ಇದನ್ನು ನಾವು ಪ್ರತಿಯೊಂದು ಪಕ್ಷದ ಅಭ್ಯರ್ಥಿಯ ಮುಂದೆಯೂ ಕೇಳಬೇಕು.

ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಮೊಹಲ್ಲಾದ ಇಷ್ಟು ಮತ ಕೊಡಿಸುತ್ತೇವೆಂದು ಮುಖಂಡರು ಮಾತು ಕೊಡುವುದು, ಯಾವ ಗುಂಡಿ ಒತ್ತಬೇಕೆಂದು ತಾಯಿ, ಪತ್ನಿ, ಮಗಳಿಗೆ ಗಂಡಸರು ಹೇಳಿ ಕಳುಹಿಸುವುದು - ಇವೆರಡೂ ನಿಲ್ಲಬೇಕು. ಟಿ.ವಿ.ಯವರು ನಮ್ಮನ್ನು ಒಂದೇ ಗುಂಪಾಗಿ ಎಣಿಸುತ್ತಾರೆಂದು ದೂರುವ ನಾವು, ಮನೆಯ ನಾಲ್ಕು ಮತಗಳನ್ನು ಒಂದೇ ಎಂದು ಎಣಿಸಿದರೆ ನ್ಯಾಯವೇ?

ಹದಿನೆಂಟು ತುಂಬಿದ ಮಕ್ಕಳಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಮನೆಯ ಪ್ರತಿಯೊಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ನೋಡಿರಿ. ಸಮೀಕ್ಷೆಯ ಪಟ್ಟಿಯಲ್ಲಿ ನಾವು ಕಾಣದಿದ್ದರೆ ನಷ್ಟವಿಲ್ಲ. ಮತದಾರರ ಪಟ್ಟಿಯಲ್ಲಿ ಕಾಣದಿದ್ದರೆ ನಮ್ಮ ಮಾತಿಗೆ ಆಧಾರವೇ ಇರುವುದಿಲ್ಲ.