ಸಾವನದುರ್ಗದ ಕಾಡಿನಲ್ಲಿ ಬೈಸಿಕಲ್ಲು

ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಓದಿದವರಿಗೆಲ್ಲ ದ್ವಂದ್ವ ಸಮಾಸದ ಒಂದು ಉದಾಹರಣೆ ನೆನಪಿರಬಹುದು. ಗಿರಿಯೂ ವನವೂ ದುರ್ಗವೂ, ಗಿರಿವನದುರ್ಗಗಳು. ಈ ಸಮಾಸದಲ್ಲಿ ಎಲ್ಲ ಪದಗಳ ಅರ್ಥಕ್ಕೂ ಸಮಾನವಾದ ಪ್ರಾಧಾನ್ಯ. ಒಂದು ದೊಡ್ಡದು, ಇನ್ನೊಂದು ಸಣ್ಣದು ಎಂಬುದಿಲ್ಲ. ನಾನು ಈ ಉದಾಹರಣೆಯನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೇನೆ, ವರ್ಷ ವರ್ಷವೂ ಅಳಿಸಿದ್ದೇನೆ. ಇದರಿಂದ ನನ್ನ ಮನಸ್ಸಿಗೆ ಯಾವ ತೊಂದರೆಯೂ ಆಗಿರಲಿಲ್ಲ.

ತೊಂದರೆಯಾದುದು ಒಬ್ಬ ಹುಡುಗನಿಂದ. ನನ್ನ ಶಾಲೆ ಪೀಣ್ಯದ ಕಡೆಯದು. ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ಅಲ್ಲಿ ಹೆಚ್ಚು. ಒಂದು ದಿನ ಪಾಠ ಬೇಗ ಮುಗಿಯಿತೆಂದು, ಪಂಡಿತ ಪರೀಕ್ಷೆಗೆ ಕಟ್ಟಿದ ಕಾಲದಲ್ಲಿ ನಾನು ಕಲಿತಿದ್ದ ಸಂಸ್ಕೃತದ ಉದಾಹರಣೆಯೊಂದನ್ನೂ ಸೇರಿಸಿದೆ: 'ಧವಖದಿರ'. ಧವವೂ ಖದಿರವೂ ಎಂದು ವಿಗ್ರಹವಾಕ್ಯ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಧವ ಅಂದರೇನು ಸಾರ್?" ಎಂದ. "ದಿಂಡಿಗ" ಎಂದೆ. "ದಿಂಡಿಗ ಅಂದರೆ?" "ಒಂದು ಬಗೆಯ ಮರ" ಎಂದೆ. ಹುಡುಗ ಕುಳಿತುಕೊಂಡ. ನಿಘಂಟುಗಳೂ ಇಂಥ ಕಡೆ ಹಾಗೆಯೇ ಹೇಳುತ್ತವೆ. ಆದರೆ ಆ ಸಂಜೆ ಮನೆಗೆ ಹೋಗುವಾಗ ನನಗೆ ನಾಚಿಕೆಯಾಯಿತು. ಐವತ್ತು ದಾಟಿದ ನಾನು ದಿಂಡಿಗವನ್ನು ಕಂಡಿರಲಿಲ್ಲ, ಕಂಡಿದ್ದರೂ ಗುರುತಿಸಿರಲಿಲ್ಲ. ನನ್ನ ಹತ್ತಿರ ಇದ್ದುದು ಮಾತು, ವಸ್ತುವಲ್ಲ.

ಈ ಸಂಕಟವನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿ ಹೇಳಿಕೊಂಡೆ. ಆತ ಪೀಣ್ಯದ ಒಂದು ವರ್ಕ್‌ಷಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವನು. ತಾಯಿಯ ಊರು ಮಾಗಡಿ ಸೀಮೆ. "ಸಾರ್, ಸಾವನದುರ್ಗಕ್ಕೆ ಹೋಗೋಣ, ಸೈಕಲ್ಲಿನಲ್ಲಿ" ಎಂದ. ಬಸ್ಸು ಇದೆಯಲ್ಲಪ್ಪಾ ಎಂದೆ. "ಬಸ್ಸಿನಲ್ಲಿ ಹೋದರೆ ಬೆಟ್ಟ ಕಾಣುತ್ತದೆ, ಮರ ಕಾಣುವುದಿಲ್ಲ" ಎಂದ. ಅವನ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಮಾಘ ಮಾಸದ ಒಂದು ಭಾನುವಾರ, ಬೆಳಗಿನ ಐದು ಗಂಟೆಗೆ ಹೊರಟೆವು. ಪೀಣ್ಯದಿಂದ ಸುಂಕದಕಟ್ಟೆಗೆ ಬಂದು ಮಾಗಡಿ ರಸ್ತೆ ಹಿಡಿದು, ತಾವರೆಕೆರೆ ದಾಟಿ, ಮಾಗಡಿ ಇನ್ನೂ ದೂರವಿರುವಾಗಲೇ ಎಡಕ್ಕೆ ತಿರುಗುವುದು ನಮ್ಮ ದಾರಿ. ಒಟ್ಟು ಸುಮಾರು 50 ಕಿಲೋಮೀಟರು. ಕಾಲುನಡಿಗೆಯವನು ಗಂಟೆಗೆ ನಾಲ್ಕೈದು ಕಿಲೋಮೀಟರು ಹೋಗುತ್ತಾನೆ. ಕಾರಿನವನು 50 ಹೋಗುತ್ತಾನೆ. ಬಿಡುವಾಗಿ ತುಳಿಯುವ ಬೈಸಿಕಲ್ಲು ಇವೆರಡರ ನಡುವೆ, ಗಂಟೆಗೆ ಹನ್ನೆರಡರಂತೆ ಹೋಗುತ್ತದೆ. ದೂರವೂ ಸಾಗಬೇಕು, ಪಕ್ಕದ ಬೇಲಿಯಲ್ಲಿ ಏನಿದೆ ಎಂಬುದೂ ಕಾಣಬೇಕು ಎನ್ನುವವನಿಗೆ ಇದಕ್ಕಿಂತ ಹೊಂದುವ ವೇಗ ಬೇರೊಂದಿಲ್ಲ. ಸದ್ದಿಲ್ಲದ ವಾಹನವಾದ್ದರಿಂದ ಹಕ್ಕಿಯ ದನಿಯೂ ಕೇಳುತ್ತದೆ.

ತಾವರೆಕೆರೆಯ ತನಕ ಲಾರಿಗಳ ಕಾಟ. ಮುಂದೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಬಲಗಡೆ ದೂರದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ. 1933ರಲ್ಲಿ ಕಟ್ಟಿ ಮುಗಿದ ಅದು ದಶಕಗಳ ಕಾಲ ಬೆಂಗಳೂರಿಗೆ ನೀರು ಕುಡಿಸಿತು. ಅದನ್ನು ತುಂಬುತ್ತಿದ್ದ ಅರ್ಕಾವತಿ ಮುಂದೆ ಮಂಚನಬೆಲೆಯ ಅಣೆಕಟ್ಟೆಗೆ ಬಂದು, ಸಾವನದುರ್ಗದ ಮಗ್ಗುಲಿನಲ್ಲೇ ಹಾದು ರಾಮನಗರದ ಕಡೆಗೆ ಹೋಗುತ್ತದೆ. ಸೂರ್ಯ ಒಂದು ಮಾರು ಏರುವ ಹೊತ್ತಿಗೆ ಎದುರಿಗೆ ಬೆಟ್ಟ ಎದ್ದು ನಿಂತಿತು. ಸಮುದ್ರ ಮಟ್ಟದಿಂದ 1226 ಮೀಟರು ಎತ್ತರದ ಅಖಂಡ ಶಿಲೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ. ಸುತ್ತ 27 ಚದರ ಕಿಲೋಮೀಟರಿನಷ್ಟು ಕಾಡು.

ದುರ್ಗ ಎಂದರೆ ಕಷ್ಟದಿಂದ ಹೋಗತಕ್ಕುದು ಎಂದು ಅರ್ಥ. ನಮ್ಮ ಪ್ರಾಚೀನರು ಜಲದುರ್ಗ, ಗಿರಿದುರ್ಗ, ವನದುರ್ಗ ಎಂದು ವಿಂಗಡಿಸಿದರು. ಸಾವನದುರ್ಗ ಗಿರಿದುರ್ಗವೂ ಹೌದು, ವನದುರ್ಗವೂ ಹೌದು. ಮಾಗಡಿಯ ಕೆಂಪೇಗೌಡರ ಮನೆತನದ ಬಲವೆಲ್ಲ ಇಲ್ಲಿತ್ತು. 1728ರಲ್ಲಿ ಮೈಸೂರಿನವರು ಇದನ್ನು ವಶಪಡಿಸಿಕೊಂಡರು. ಇಲ್ಲಿ ಕೋಟೆಯ ಹೊರಗೋಡೆ ಕಲ್ಲಿನದಲ್ಲ, ಕಾಡಿನದು. ಹಲವು ಮೈಲಿ ದಪ್ಪದ ಆ ಕಾಡನ್ನು ಬಿದಿರು ಮೆಳೆಗಳನ್ನು ನೆಟ್ಟು ಇನ್ನಷ್ಟು ಒತ್ತಾಗಿಸಿದ್ದರು. ಕಾಡುಜ್ವರಕ್ಕೂ ಅದು ಹೆಸರಾಗಿತ್ತು. 1791ರ ಡಿಸೆಂಬರಿನಲ್ಲಿ ಲಾರ್ಡ್ ಕಾರ್ನವಾಲಿಸನ ಸೇನೆ ಟಿಪ್ಪುವಿನ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿತು. 10ನೆಯ ತಾರೀಕು ಸಮೀಪಕ್ಕೆ ಬಂದ ಸೈನ್ಯ ಬಿದಿರನ್ನು ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಎಳೆದು ತಂದು, ಗುಂಡು ಹಾರಿಸಲು ಆರಂಭಿಸಿದುದು 17ರಂದು. 21ರಂದು ಕೋಟೆ ಬಿದ್ದಿತು. ಕಾಡು ಒಂದು ವಾರ ತಡೆಯಿತು, ಕಲ್ಲು ನಾಲ್ಕು ದಿನ ತಡೆಯಿತು. ಯಾವುದು ಗಟ್ಟಿ ಎಂಬುದನ್ನು ತಾವೇ ತೀರ್ಮಾನಿಸಬಹುದು.

ಕೋಟೆಯ ಯೋಚನೆಯಲ್ಲಿ ತುಳಿಯುತ್ತಿದ್ದ ನನ್ನ ಬೈಸಿಕಲ್ಲು ಮಂಚನಬೆಲೆಯ ಕಡೆಯ ಕಾಡುದಾರಿಯಲ್ಲಿ 'ಉಸ್' ಎಂದು ಕುಳಿತಿತು. ಹಿಂದಿನ ಚಕ್ರಕ್ಕೆ ಮುಳ್ಳು. ನನ್ನ ಶಿಷ್ಯನಿಗೆ ಎಂಟನೆಯ ತರಗತಿಯಲ್ಲಿ ಸರ್ಕಾರ ಬೈಸಿಕಲ್ಲು ಕೊಟ್ಟಿತ್ತು. ಪಂಕ್ಚರು ಹಾಕುವ ವಿದ್ಯೆಯನ್ನು ಅವನು ಅದರ ಮೇಲೆಯೇ ಕಲಿತವನು. ಟ್ಯೂಬನ್ನು ಎಳೆದು, ಗಾಳಿ ತುಂಬಿ, ಕಿವಿಯ ಹತ್ತಿರ ಹಿಡಿದು ತೂತು ಹುಡುಕಿದ. ನಾನು ಕಲ್ಲಿನ ಮೇಲೆ ಕುಳಿತೆ. ಹಸು ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನಿಂತು ನೋಡಿದರು. ಟೈರಿನಿಂದ ಕಿತ್ತ ಕೊಕ್ಕೆಯಂಥ ಮುಳ್ಳನ್ನು ಬೆರಳಲ್ಲಿ ಹಿಡಿದು, "ಕಗ್ಗಲಿ ಮುಳ್ಳು" ಎಂದರು. ನನ್ನ ಎದೆ ಹಾರಿತು. ಕಗ್ಗಲಿ ಎಂದರೆ ಖದಿರ! ತಾಂಬೂಲಕ್ಕೆ ಹಾಕುವ ಕಾಚು ಅದರ ತಿರುಳನ್ನು ಕುದಿಸಿ ಬತ್ತಿಸಿದ್ದು. "ಹಾಗಾದರೆ ದಿಂಡಿಗ ಎಲ್ಲಿದೆ ಸ್ವಾಮಿ?" ಎಂದು ಕೇಳಿದೆ. ಅಜ್ಜ ನಕ್ಕು, "ಒರಗಿ ಕೂತಿದ್ದೀರಲ್ಲ" ಎಂದರು.

ತಿರುಗಿ ನೋಡಿದೆ. ನುಣುಪಾದ ಬೂದುಬಿಳುಪಿನ ತೊಗಟೆ. ಚಳಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಎಲೆ. ಅದರ ಮಗ್ಗುಲಲ್ಲೇ, ಕೊಂಬೆ ತಾಗುವಷ್ಟು ಸಮೀಪದಲ್ಲಿ, ಸಣ್ಣ ಎಲೆಯ ಕಗ್ಗಲಿ. ದಿಂಡಿಗದ ಮರ ಗಾಡಿಯ ಅಚ್ಚಿಗೆ, ಕೊಡಲಿಯ ಕಾವಿಗೆ ಒದಗುತ್ತದೆ, ಅಂಟು ಮದ್ದಿಗೆ ಒದಗುತ್ತದೆ ಎಂದು ಅಜ್ಜ ಹೇಳಿದರು. ನಾನು ಪುಸ್ತಕದಲ್ಲಿ ಜೋಡಿಸಿ ಓದಿದ್ದ ಎರಡು ಮರಗಳು ಈ ನೆಲದಲ್ಲಿ ತಾವಾಗಿಯೇ ಜೋಡಿಯಾಗಿ ನಿಂತಿದ್ದವು. ಸಾವನದುರ್ಗದ ಕುರುಚಲು ಕಾಡನ್ನು ಸಸ್ಯಶಾಸ್ತ್ರಜ್ಞರು ದಿಂಡಿಗ, ಹುರಗಲು, ಜಾಲಿಯ ಜಾತಿ ಎಂಬ ಮೂರರ ಕೂಟವೆಂದೇ ಗುರುತಿಸುತ್ತಾರೆ. ಕಗ್ಗಲಿಯೂ ಜಾಲಿಯ ಬಳಗದ್ದೇ. ಇಲ್ಲಿ 59ಕ್ಕೂ ಹೆಚ್ಚು ಬಗೆಯ ಮರಗಳೂ 119 ಬಗೆಯ ಪೊದೆಗಿಡಗಳೂ ಲೆಕ್ಕಕ್ಕೆ ಸಿಕ್ಕಿವೆ. ಬಂಡೆಗಳ ಸಂದಿಯಲ್ಲಿ ಹಳದಿ ಕತ್ತಿನ ಪಿಕಳಾರವೆಂಬ ಅಪರೂಪದ ಹಕ್ಕಿ ವಾಸಮಾಡುತ್ತದೆ.

ಗೃಹಿಣಿಯರಿಗೆ ಈ ಕಾಡಿನೊಡನೆ ಇನ್ನೊಂದು ಸಂಬಂಧವುಂಟು. ಮಜ್ಜಿಗೆಯಲ್ಲಿ ನೆನೆಹಾಕುವ ಮಾಕಳಿ ಬೇರಿನ ಉಪ್ಪಿನಕಾಯಿಯ ರುಚಿ ಬಲ್ಲವರೇ ಬಲ್ಲರು. ಆ ಬಳ್ಳಿ ಇಂಥ ಬಂಡೆಗಾಡಿನದು, ಸಾವನದುರ್ಗದಲ್ಲೂ ಇದೆ. ಎಲೆ ಕಿತ್ತರೆ ಚಿಗುರೀತು, ಹಣ್ಣು ಕಿತ್ತರೆ ಮತ್ತೆ ಬಿಟ್ಟೀತು. ಬೇರನ್ನೇ ಅಗೆದರೆ ಬಳ್ಳಿಯ ಕಥೆ ಮುಗಿಯಿತು. ಎಷ್ಟೋ ಬೆಟ್ಟಗಳಲ್ಲಿ ಅದು ಹೀಗೆಯೇ ವಿರಳವಾಗಿದೆ. ಉಪ್ಪಿನಕಾಯಿ ಹಾಕಬೇಡಿ ಎಂದು ನಾನು ಹೇಳಲಾರೆ. ಸಾಗುವಳಿಯ ಬೇರು ಸಿಕ್ಕುವುದೋ ಎಂದು ಅಂಗಡಿಯವರನ್ನು ಒಂದು ಮಾತು ಕೇಳಿ ಎಂದಷ್ಟೇ ವಿನಂತಿ.

ಹಿಂದಿರುಗುವಾಗ ಶಿಷ್ಯ ಒಂದು ಪ್ರಶ್ನೆ ಹಾಕಿದ: "ಪೀಣ್ಯದಲ್ಲಿ ಹಿಂದೆ ಏನಿತ್ತು ಸಾರ್?" ಅಲ್ಲಿಯೂ ವನವಿತ್ತು. 1896ರಲ್ಲಿ ಮೈಸೂರು ಸರ್ಕಾರ ಪೀಣ್ಯದ ನೆಡುತೋಪನ್ನು ಕಾಯ್ದಿಟ್ಟ ಅರಣ್ಯವೆಂದು ಪ್ರಕಟಿಸಿತ್ತು. ಆಮೇಲೆ ಆ ಸುತ್ತಿನಲ್ಲಿ ಕಾರ್ಖಾನೆಗಳು ಬಂದವು; 1970ರ ದಶಕದಿಂದ ಕೈಗಾರಿಕಾ ಬಡಾವಣೆ ಹಬ್ಬಿತು. ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಒಲೆ ಉರಿಯುವುದು ಅದರಿಂದಲೇ. ಆದ್ದರಿಂದ ಅದನ್ನು ಹಳಿಯುವ ಬಾಯಿ ನನಗಿಲ್ಲ. ಆದರೆ ಅಲ್ಲಿ ಬೆಳೆಯುವ ಮಕ್ಕಳಿಗೆ ವನವೆಂಬುದು ಕರಿಹಲಗೆಯ ಮೇಲಿನ ಎರಡು ಅಕ್ಷರವಾಗಿ ಉಳಿದಿದೆ. ಸಾವನದುರ್ಗಕ್ಕೂ ಊರು ಹತ್ತಿರವಾಗುತ್ತಿದೆ. ದಾರಿಯುದ್ದಕ್ಕೂ ನಿವೇಶನಗಳ ಕಲ್ಲುಗಳನ್ನು ನಾವು ಕಂಡೆವು. ಗಿರಿಯನ್ನು ಯಾರೂ ಹೊತ್ತುಕೊಂಡು ಹೋಗಲಾರರು. ದುರ್ಗದ ಗೋಡೆ ಇನ್ನೂ ಕೆಲವು ಕಾಲ ನಿಂತೀತು. ನಡುವಿನ ವನ ಹೋದರೆ ಸಮಾಸ ಒಡೆಯುತ್ತದೆ.

ಹೋಗಬಯಸುವವರಿಗೆ ನಾಲ್ಕು ಮಾತು. ಬೆಳಗಾಗುವ ಮೊದಲೇ ಹೊರಡಿ, ದೀಪವಿಲ್ಲದೆ ಹೊರಡಬೇಡಿ. ಪಂಪು, ಹೆಚ್ಚಿನ ಟ್ಯೂಬು, ಅಂಟಿನ ಡಬ್ಬಿ, ಎರಡು ಸೀಸೆ ನೀರು, ಬುತ್ತಿ ಜೊತೆಗಿರಲಿ. ಒಬ್ಬರೇ ಹೋಗಬೇಡಿ. ಕಾಡಿನ ನಡುವಿನ ರಸ್ತೆ ಬಿಟ್ಟು ಒಳಗೆ ನುಗ್ಗಬೇಡಿ. ಬೆಟ್ಟ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಚಿರತೆಯುಂಟು, ಒಮ್ಮೊಮ್ಮೆ ಆನೆಯೂ ಬರುವುದುಂಟು. ಸಂಜೆಗೆ ಮೊದಲೇ ಹೊರಬನ್ನಿ. ತಂದ ಕಾಗದ, ಪ್ಲಾಸ್ಟಿಕ್ಕುಗಳನ್ನು ತಂದ ಚೀಲದಲ್ಲೇ ಮನೆಗೆ ಒಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಆತುರವನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ. ಐವತ್ತು ದಾಟಿದ ಮೊಣಕಾಲು ಏರಿನಲ್ಲಿ ಮಾತನಾಡುತ್ತದೆ. ಆಗ ಇಳಿದು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನೂ ಇಲ್ಲ. ನಾನು ಮೂರು ಕಡೆ ತಳ್ಳಿದೆ.

ಸೋಮವಾರ ತರಗತಿಗೆ ಹೋದಾಗ, ನೆಲದಿಂದ ಆಯ್ದು ತಂದಿದ್ದ ತಾಮ್ರಬಣ್ಣದ ಒಂದು ಎಲೆಯನ್ನೂ ಟೈರಿನಿಂದ ಕಿತ್ತ ಆ ಮುಳ್ಳನ್ನೂ ಮೇಜಿನ ಮೇಲಿಟ್ಟೆ. ಹಿಂದಿನ ಬೆಂಚಿನ ಹುಡುಗನನ್ನು ಕರೆದು, "ಇದು ಧವ, ಇದು ಖದಿರ" ಎಂದೆ. ಅವನು ಎಲೆಯನ್ನು ಮೂಸಿ ನೋಡಿದ. ಮುಳ್ಳಿನಿಂದ ಬೆರಳು ಚುಚ್ಚಿಕೊಂಡು "ಅಯ್ಯೋ" ಎಂದ. ತರಗತಿಯೆಲ್ಲ ನಕ್ಕಿತು. ನಾನು ಹೇಳಿದ ವ್ಯಾಕರಣಪಾಠಗಳಲ್ಲಿ ಅಷ್ಟು ಚೆನ್ನಾಗಿ ನಾಟಿದ್ದು ಬೇರೊಂದಿಲ್ಲ. ಮರವನ್ನು ಎಂದು ತೋರಿಸುತ್ತೀರಿ ಎಂದು ಅವನು ಈಗ ದಿನವೂ ಕೇಳುತ್ತಿದ್ದಾನೆ. ಬೇಸಿಗೆ ರಜಕ್ಕೆ ಮೊದಲು ಅವನ ತಂದೆಯನ್ನು ಕಂಡು, ಮನೆಯಲ್ಲಿ ಬೈಸಿಕಲ್ಲು ಇದೆಯೇ ಎಂದು ವಿಚಾರಿಸಬೇಕಾಗಿದೆ.