ಒಂಬತ್ತನೇ ಪ್ರಶ್ನೆಗೆ ಉತ್ತರ ಬಂದ ಮೇಲೆ

(ಸಮಾಜಕಾರ್ಯ ಮತ್ತು ಮನಶ್ಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಾಧ್ಯಯನಕ್ಕೆ ಹೊರಡುವ ಮುನ್ನ ನಡೆದ ಶಿಬಿರದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಾನು ಮನೋವೈದ್ಯನಲ್ಲ, ಸಂಶೋಧಕನೂ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಬಂದವನು. ವಯಸ್ಸಿನಲ್ಲಿ ನಿಮಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ಅಷ್ಟೆ. ನಿಮ್ಮ ಅಧ್ಯಾಪಕರು ಮಾತನಾಡಲು ಕರೆದಾಗ ಮೊದಲು ಹಿಂಜರಿದೆ. ಆಮೇಲೆ, ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳುವುದು ಒಳ್ಳೆಯದು ಎನ್ನಿಸಿ ಬಂದೆ.

ಕಳೆದ ಮಳೆಗಾಲದಲ್ಲಿ ನಿಮ್ಮಂಥದೇ ವಿದ್ಯಾರ್ಥಿಗಳ ತಂಡವೊಂದರ ಜೊತೆ ಹೋಗಿದ್ದೆ. ತಾಲ್ಲೂಕು ಕೇಂದ್ರದ ಹೊರಗೆ ಕೂಲಿಕಾರರು ತಗಡಿನ ಶೆಡ್ ಹಾಕಿಕೊಂಡಿದ್ದ ಜಾಗ. ವಿದ್ಯಾರ್ಥಿಗಳ ಕೈಯಲ್ಲಿ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇತ್ತು. ಅಮೆರಿಕದಲ್ಲಿ ರೂಪುಗೊಂಡು 2001ರಲ್ಲಿ ಪ್ರಕಟವಾದ ಇದು ಖಿನ್ನತೆಯನ್ನು ಅಳೆಯಲು ಇಂದು ಜಗತ್ತಿನಾದ್ಯಂತ ಬಳಕೆಯಾಗುವ ಸಾಧನ. ಅದರಲ್ಲಿರುವುದು ಒಂಬತ್ತು ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಕೆಲಸದಲ್ಲಿ ಆಸಕ್ತಿ ಇತ್ತೇ ಎಂದೆಲ್ಲ ಕೇಳಿ, ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಒಟ್ಟು ಅಂಕ 27. ಒಂಬತ್ತನೆಯದು ಸಾವಿನ ಯೋಚನೆಯ ಬಗೆಗಿನ ಪ್ರಶ್ನೆ.

ಸುಮಾರು ನಲವತ್ತು ವರ್ಷದ ಹೆಂಗಸೊಬ್ಬರು ಎಂಟು ಪ್ರಶ್ನೆಗಳಿಗೆ ಪಾತ್ರೆ ತಿಕ್ಕುತ್ತಲೇ ಉತ್ತರಿಸಿದರು. ಒಂಬತ್ತನೆಯದನ್ನು ಕೇಳಿದಾಗ ಕೈ ನಿಲ್ಲಿಸಿದರು. 'ಹೌದು, ದಿನಾ ಅನ್ನಿಸ್ತದೆ' ಎಂದರು. ಆ ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ನನಗೂ ಏನೂ ತೋಚಲಿಲ್ಲ. ಅವಳು ಮೂರು ಅಂಕಕ್ಕೆ ಗುರುತು ಹಾಕಿ, 'ತುಂಬಾ ಥ್ಯಾಂಕ್ಸ್ ಅಮ್ಮ' ಎಂದು ಎದ್ದಳು. ನಾವು ಪಕ್ಕದ ಶೆಡ್ಡಿಗೆ ಹೋದೆವು. ಮುಂದಿನ ವಾರ ನನ್ನ ವರದಿ ಅಚ್ಚಾಯಿತು. ಅದರಲ್ಲಿ ಎಷ್ಟು ಮನೆ, ಎಷ್ಟು ಜನ ಎಂಬ ಲೆಕ್ಕ ಇತ್ತು. ಆ ಹೆಂಗಸಿಗೆ ಮುಂದೆ ಏನಾಯಿತು ಎಂಬುದು ಇರಲಿಲ್ಲ. ಏಕೆಂದರೆ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನೀವು ಹೊರಟಿರುವ ಕೆಲಸ ಸಣ್ಣದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದಕ್ಕೂ ಮುನ್ನ ಪ್ರಾಯೋಗಿಕವಾಗಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಪರೀಕ್ಷಿಸಿ ನೋಡಿತ್ತು. ಆ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92ರವರೆಗೆ ಇತ್ತು. ಸರಳವಾಗಿ ಹೇಳುವುದಾದರೆ, ಹತ್ತು ಜನ ನರಳುತ್ತಿದ್ದರೆ ಏಳಕ್ಕೂ ಹೆಚ್ಚು ಜನ ವೈದ್ಯರ ಮುಖವನ್ನೇ ಕಂಡಿರಲಿಲ್ಲ.

ಈ ಭಾರ ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ಆದಾಯ ಮತ್ತು ಓದು ಕಡಿಮೆ ಇದ್ದವರಲ್ಲಿ, ಕೆಲಸದ ಭದ್ರತೆ ಇಲ್ಲದವರಲ್ಲಿ ಕಾಯಿಲೆ ಹೆಚ್ಚು ಎಂದು ಅದೇ ಸಮೀಕ್ಷೆ ಹೇಳಿತು. ಚಿಕಿತ್ಸೆಗೆ ಮತ್ತು ಓಡಾಟಕ್ಕೆ ಕುಟುಂಬವೊಂದು ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡಬೇಕಾಗಿತ್ತು. ಮನೋವೈದ್ಯರ ಸಂಖ್ಯೆ ಕೇರಳದಲ್ಲಿ ಲಕ್ಷ ಜನರಿಗೆ 1.2 ಇದ್ದರೆ, ಮಧ್ಯಪ್ರದೇಶದಲ್ಲಿ 0.05 ಇತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಅಂಕಿ ಅಂಶಗಳನ್ನೂ ನೋಡಿ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಜನ. ಅವರಲ್ಲಿ 42,004 ಮಂದಿ ದಿನಗೂಲಿಗಳು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು! ದಿನಗೂಲಿಯ ವ್ಯಕ್ತಿ ಆಸ್ಪತ್ರೆಗೆ ಹೋಗಬೇಕಾದರೆ ಬಸ್ ಚಾರ್ಜು ಬೇಕು, ಆ ದಿನದ ಕೂಲಿ ಬಿಡಬೇಕು, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಮಾತ್ರೆ ಪುಕ್ಕಟೆ ಸಿಕ್ಕರೂ ಇವು ಪುಕ್ಕಟೆ ಅಲ್ಲ. ನಿಮ್ಮ ಪ್ರಬಂಧಗಳಲ್ಲಿ 'ಅಸಮಾನತೆ' ಎಂದು ಬರೆಯುವುದು ಇದನ್ನೇ.

ಈ ಬಗೆಯ ಅಧ್ಯಯನಕ್ಕೆ ನಮ್ಮ ನಾಡಿನಲ್ಲೇ ಒಂದು ಹಳೆಯ, ಹೆಮ್ಮೆಪಡಬಹುದಾದ ಉದಾಹರಣೆ ಇದೆ. ಶಿವರಾಮ ಕಾರಂತರು ಹುಟ್ಟಿದ ಊರು ಕೋಟ ನಿಮಗೆ ಗೊತ್ತು. ಆಗ ದಕ್ಷಿಣ ಕನ್ನಡದಲ್ಲಿತ್ತು, ಈಗ ಉಡುಪಿ ಜಿಲ್ಲೆಗೆ ಸೇರಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದ ಮಾರಿಸ್ ಕಾರ್‌ಸ್ಟೇರ್ಸ್ ಹಾಗೂ ಯುವ ಮನೋವೈದ್ಯ ರವಿ ಕಪೂರ್ ಅದೇ ಊರನ್ನು ಆರಿಸಿಕೊಂಡು, ಅಲ್ಲಿನ ಬ್ರಾಹ್ಮಣರು, ಬಂಟರು ಮತ್ತು ಮೊಗವೀರರ ಮನಸ್ಸಿನ ಆರೋಗ್ಯವನ್ನು ಮನೆಮನೆಗೆ ಹೋಗಿ ಅಭ್ಯಾಸ ಮಾಡಿದರು. ಅಳಿಯಸಂತಾನ ಪದ್ಧತಿಯ ಸಮುದಾಯಗಳೂ ಮಕ್ಕಳಕಟ್ಟಿನ ಸಮುದಾಯವೂ ಒಂದೇ ಊರಿನಲ್ಲಿ ಅಕ್ಕಪಕ್ಕ ಬದುಕುತ್ತಿದ್ದವು. ಕಾಲ ಬದಲಾಗುವಾಗ ಯಾರ ಮನಸ್ಸಿನ ಮೇಲೆ ಎಂಥ ಒತ್ತಡ ಬೀಳುತ್ತದೆ ಎಂಬುದು ಅವರ ಕುತೂಹಲ. 1976ರಲ್ಲಿ ಈ ಅಧ್ಯಯನ 'ದ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕವಾಗಿ ಹೊರಬಂತು.

ಅವರ ಕೆಲಸದಲ್ಲಿ ನೀವು ಕಲಿಯಬೇಕಾದ ಸಂಗತಿಗಳು ಎರಡು. ಮೊದಲನೆಯದು, ಅವರು ಪರದೇಶದ ಪ್ರಶ್ನಾವಳಿಯನ್ನು ಹಾಗೆಯೇ ತಂದು ಸುರಿಯಲಿಲ್ಲ. ರವಿ ಕಪೂರ್, ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಸೇರಿ, ನಮ್ಮ ಜನ ಹೇಳಿಕೊಳ್ಳುವ ಲಕ್ಷಣಗಳಿಗೆ ಹೊಂದುವ ಹೊಸ ಪ್ರಶ್ನಾವಳಿಯನ್ನೇ ತಯಾರಿಸಿ 1974ರಲ್ಲಿ ಪ್ರಕಟಿಸಿದರು. ಎರಡನೆಯದು, ಜನರು ಕಷ್ಟ ಬಂದಾಗ ಈಗಾಗಲೇ ಯಾರ ಬಳಿ ಹೋಗುತ್ತಿದ್ದಾರೆ ಎಂದು ಅವರು ಕೇಳಿದರು. ಮದ್ದು ಕೊಡುವ ವೈದ್ಯ, ಮಂತ್ರವಾದಿ, ದರ್ಶನ ಬರುವ ಪಾತ್ರಿ, ಇಂಗ್ಲಿಷ್ ಔಷಧಿಯ ಡಾಕ್ಟರು ಎಲ್ಲರ ಬಳಿಗೂ ಜನ ಹೋಗುತ್ತಿದ್ದರು. ಒಂದೇ ಕಷ್ಟಕ್ಕೆ ಇಬ್ಬರು ಮೂವರ ಬಳಿ ಹೋಗುವುದರಲ್ಲಿ ಅವರಿಗೆ ವಿರೋಧಾಭಾಸವೇನೂ ಕಾಣುತ್ತಿರಲಿಲ್ಲ. 'ಅಜ್ಞಾನಿಗಳು, ಚಿಕಿತ್ಸೆ ಬೇಡ ಎನ್ನುತ್ತಾರೆ' ಎಂಬ ಪಟ್ಟಣದವರ ತೀರ್ಮಾನ ಸುಳ್ಳಾಯಿತು. ಅವರು ಪರಿಹಾರ ಹುಡುಕುತ್ತಲೇ ಇದ್ದರು.

ಮಾತಿನ ವಿಷಯಕ್ಕೆ ಬರೋಣ. ನಿಮ್ಮ ಫಾರಂನಲ್ಲಿ 'ಖಿನ್ನತೆ' ಎಂಬ ಪದ ಇದೆ. ಇದು ನಾವು ಪತ್ರಿಕೆಯವರೂ ನಿತ್ಯ ಬಳಸುವ ಪದ. ಆದರೆ ಕಟ್ಟೆಯ ಮೇಲೆ ಕುಳಿತ ಯಾವ ಅಜ್ಜಿಯೂ 'ನನಗೆ ಖಿನ್ನತೆ' ಎಂದು ಹೇಳಿದ್ದನ್ನು ನಾನು ಕೇಳಿಲ್ಲ. 'ಮನಸ್ಸಿಗೆ ಬೇಜಾರು', 'ತಲೆಗೆ ಯೋಚನೆ ಹತ್ತಿಕೊಂಡಿದೆ', 'ಎದಿ ಡವಡವ ಅಂತದ', 'ಕೈಕಾಲು ಸೋತು ಬರ್ತದೆ', ಕರಾವಳಿಯಲ್ಲಾದರೆ 'ಮಂಡೆಬಿಸಿ' ಎನ್ನುತ್ತಾರೆ. ಎಷ್ಟೋ ಸಲ ದುಃಖ ಬಾಯಿಗೆ ಬರುವುದು ಸೊಂಟನೋವು, ತಲೆನೋವು, ನಿತ್ರಾಣದ ರೂಪದಲ್ಲಿ. ಕೇಳುವವರು ಪುಸ್ತಕದ ಪದವನ್ನೇ ಹಿಡಿದು ಕುಳಿತರೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಆ 'ಇಲ್ಲ'ಗಳೆಲ್ಲ ಸೇರಿ, ಬಡವರಲ್ಲಿ ಕಾಯಿಲೆಯೇ ಕಡಿಮೆ ಎಂಬ ಸುಳ್ಳು ಲೆಕ್ಕ ಹುಟ್ಟಬಹುದು. ಆದ್ದರಿಂದ ಫಾರಂ ತೆಗೆಯುವ ಮೊದಲು ಒಂದೆರಡು ದಿನ ಆ ಊರಿನ ಮಾತು ಕೇಳಿಸಿಕೊಳ್ಳಿ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಯಾವ ಮನೆಯಲ್ಲಿ ಯಾರು ನಿದ್ದೆಗೆಟ್ಟಿದ್ದಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು, ಎಣಿಸಿದ ಮೇಲೆ ಏನು ಎಂಬ ಪ್ರಶ್ನೆ. ಇದಕ್ಕೂ ನಮ್ಮಲ್ಲೇ ಉತ್ತರ ಇದೆ. 1970ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದರು. ದೊಡ್ಡ ಆಸ್ಪತ್ರೆಗೆ ರೋಗಿ ಬರಲಿ ಎಂದು ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹೇಗೆ ಎಂಬುದು ಅಲ್ಲಿನ ಪ್ರಯೋಗ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಇದೇ ವಿಧಾನವನ್ನು ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. ಕಾರ್ಯಕರ್ತರು ರೋಗಿಗಳನ್ನು ಗುರುತಿಸುವುದು, ಸಾಮಾನ್ಯ ವೈದ್ಯರು ಆಯ್ದ ಕೆಲವೇ ಔಷಧಿಗಳಿಂದ ಚಿಕಿತ್ಸೆ ಕೊಡುವುದು, ಕಷ್ಟದ ಪ್ರಕರಣಗಳನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳಿಸುವುದು ಅದರ ಕ್ರಮ. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಅಂದರೆ ಹಳ್ಳಿಗೆ ಹೋದ ಅಧ್ಯಯನ ಹಳ್ಳಿಗೆ ಮಾತ್ರೆಯಾಗಿ ಮರಳಿತು. ನಿಮ್ಮ ಪ್ರಬಂಧ ಅಷ್ಟು ದೂರ ಹೋಗದಿರಬಹುದು. ಆದರೆ ದಿಕ್ಕು ಅದೇ ಇರಲಿ.

ಕೊನೆಯದಾಗಿ ಮೂರು ಮಾತು.

ಒಂದು, ನೀವು ಹೋಗುವ ತಾಲ್ಲೂಕಿನಲ್ಲಿ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. ವಾರದಲ್ಲಿ ಒಂದು ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ 'ಮನೋಚೈತನ್ಯ' ಯೋಜನೆಯನ್ನು ನಮ್ಮ ರಾಜ್ಯ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕಿಗೆ ವೈದ್ಯರು ಯಾವ ದಿನ, ಯಾವ ಕೊಠಡಿಗೆ ಬರುತ್ತಾರೆ, ಬಸ್ ಎಷ್ಟು ಹೊತ್ತಿಗೆ ಎಂದು ಖುದ್ದಾಗಿ ಹೋಗಿ ವಿಚಾರಿಸಿ ಬರೆದುಕೊಳ್ಳಿ.

ಎರಡು, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಆದರೆ ಚೀಟಿಯಲ್ಲಿ ಸಂಖ್ಯೆ ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ಮನೆಗೆಲ್ಲ ಒಂದೇ ಫೋನು, ಅದೂ ಗಂಡನ ಜೇಬಿನಲ್ಲಿ ಇರುವ ಕಡೆ ಆ ಹೆಂಗಸು ಯಾವಾಗ ಮಾತನಾಡಿಯಾಳು? ನಿಮ್ಮ ಫೋನಿನಿಂದಲೇ ಕರೆ ಮಾಡಿ ಕೊಡಿ, ಸ್ವಲ್ಪ ದೂರ ಹೋಗಿ ನಿಲ್ಲಿ.

ಮೂರು, ಒಂಬತ್ತನೇ ಪ್ರಶ್ನೆಗೆ 'ಹೌದು' ಎಂದು ಬಂದರೆ ಫಾರಂ ಮಡಚಿಡಿ. ಅಲ್ಲಿಗೆ ನಿಮ್ಮ ಸಮೀಕ್ಷೆ ನಿಂತಿತು, ಬೇರೆ ಕೆಲಸ ಶುರುವಾಯಿತು. ಹೆದರದೆ ಕುಳಿತು ಮಾತನಾಡಿ. ಸಾವಿನ ಬಗ್ಗೆ ಕೇಳಿದರೆ ಅಂಥ ಯೋಚನೆ ಹೆಚ್ಚುತ್ತದೆ ಎಂಬ ಭಯ ಬೇಡ. ಕೇಳುವವರು ಒಬ್ಬರಿದ್ದಾರೆ ಎಂಬುದೇ ಎಷ್ಟೋ ಸಮಾಧಾನ. ಅವರನ್ನು ಒಬ್ಬರನ್ನೇ ಬಿಟ್ಟು ಬರಬೇಡಿ. ನಿಮ್ಮ ಮಾರ್ಗದರ್ಶಕರಿಗೆ ಅಂದೇ ತಿಳಿಸಿ, ಅವರು ಒಪ್ಪಿದರೆ ಮನೆಯವರಲ್ಲೊಬ್ಬರನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೂಡಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ನೀವು ಕೇಳುತ್ತಿರುವುದು ದಯೆಯನ್ನಲ್ಲ.

ಆ ಹೆಂಗಸಿನ ವಿಷಯ ಹೇಳಿ ಮುಗಿಸುತ್ತೇನೆ. ನನ್ನ ವರದಿ ಬಂದು ಮೂರು ತಿಂಗಳಾದ ಮೇಲೆ, ಮನಸ್ಸು ಕೇಳದೆ, ಅದೇ ಜಾಗಕ್ಕೆ ಹೋದೆ. ಶೆಡ್‌ಗಳು ಇರಲಿಲ್ಲ. ಕಟ್ಟಡದ ಕೆಲಸ ಮುಗಿದು ಜನ ಬೇರೆ ಊರಿಗೆ ಹೋಗಿದ್ದರು. ಎಲ್ಲಿಗೆ ಎಂದು ಪಕ್ಕದ ಚಹಾದಂಗಡಿಯವನಿಗೂ ತಿಳಿದಿರಲಿಲ್ಲ. ಅವರ ಹೆಸರನ್ನು ನಾನು ಕೇಳಿರಲೇ ಇಲ್ಲ. ಆ ವಿದ್ಯಾರ್ಥಿನಿಯ ಫಾರಂನಲ್ಲಿ ಅವರಿಗೆ ಒಂದು ಕ್ರಮಸಂಖ್ಯೆ ಇದೆ, ಅಷ್ಟೆ.

ಸಂಶೋಧನೆಯಲ್ಲಿ ಹೆಸರು ಗೋಪ್ಯವಾಗಿರಬೇಕು ಎಂಬ ನಿಯಮ ಸರಿಯಾದುದೇ. ಪ್ರಬಂಧದಲ್ಲಿ ಹೆಸರು ಬೇಡ. ಆದರೆ ಅಂದು ಸಂಜೆ ಮತ್ತೆ ಹೋಗಿ ಬಾಗಿಲು ತಟ್ಟಲು ನಿಮಗೆ ಆ ಮನೆ ಗೊತ್ತಿರಬೇಕು. ನಾಳೆ ಬೆಳಿಗ್ಗೆ ಹೊರಡುವಾಗ ಚೀಲದಲ್ಲಿ ಫಾರಂಗಳ ಜೊತೆ ಆಸ್ಪತ್ರೆಯ ವಿಳಾಸ, ವೈದ್ಯರು ಬರುವ ದಿನ, ಬಸ್ಸಿನ ವೇಳೆ ಬರೆದ ಆ ಒಂದು ಹಾಳೆಯೂ ಇರಲಿ.