ಕೆಟ್ಟಿರುವುದು ಯಾವ ಭಾಗ?
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಮಗುವಿನ ಕೈಯಲ್ಲಿದ್ದುದು ಸ್ಲೇಟು ಮತ್ತು ಬಳಪ. ಸ್ಲೇಟು ಒಡೆದರೆ ಉಳಿದ ತುಂಡಿನ ಮೇಲೂ ಅಕ್ಷರ ತಿದ್ದಬಹುದಿತ್ತು. ಇಂದು ಮೊಬೈಲಿನ ಸಣ್ಣದೊಂದು ಭಾಗ ಕೆಟ್ಟರೂ ಮನೆಯ ಪಾಠ ನಿಲ್ಲುತ್ತದೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಇದನ್ನು ನಾವೆಲ್ಲರೂ ಕಂಡೆವು. ಉತ್ತರ ಕರ್ನಾಟಕದಿಂದ ಗೋವೆಗೆ ದುಡಿಯಲು ಬಂದ ಎಷ್ಟೋ ಕುಟುಂಬಗಳಲ್ಲಿದ್ದುದು ಒಂದೇ ಮೊಬೈಲ್. ತಂದೆ ಅದನ್ನು ಕೆಲಸಕ್ಕೆ ಒಯ್ದರೆ ಮಕ್ಕಳಿಗೆ ಪಾಠ ಸಂಜೆಗೆ. ಅದು ಕೆಟ್ಟರೆ ಪಾಠವೇ ಇಲ್ಲ. ಅಂಥ ಮನೆಗೆ ಹೊಸದನ್ನು ಕೊಳ್ಳುವುದೆಂದರೆ ಹಲವು ದಿನಗಳ ಕೂಲಿ.

ಆದುದರಿಂದ ನಾವು ಮೊದಲು ಕೇಳಬೇಕಾದ ಪ್ರಶ್ನೆ, ‘ಹೊಸದು ಎಷ್ಟು?’ ಎಂಬುದಲ್ಲ, ‘ಕೆಟ್ಟಿರುವುದು ಯಾವ ಭಾಗ?’ ಎಂಬುದು.

ಮೊಬೈಲ್ ಚಾರ್ಜ್ ಆಗುತ್ತಿಲ್ಲವೆನ್ನೋಣ. ಮೊದಲು ಬೇರೊಂದು ಪ್ಲಗ್ಗಿನಲ್ಲಿ, ಅನಂತರ ಬೇರೊಂದು ಕೇಬಲಿನಿಂದ, ಆಮೇಲೆ ಬೇರೊಂದು ಚಾರ್ಜರಿನಿಂದ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಇವೆಲ್ಲ ಸರಿಯಿದ್ದರೆ ಚಾರ್ಜಿಂಗ್ ರಂಧ್ರವನ್ನು ನೋಡಬೇಕು. ಅಲ್ಲಿ ಜೇಬಿನ ನೂಲು, ಧೂಳು ಸೇರಿರುತ್ತವೆ; ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವವೂ ಕಡಲ ಗಾಳಿಯ ಉಪ್ಪೂ ಲೋಹದ ತುದಿಗಳನ್ನು ತಿನ್ನುತ್ತವೆ. ಬ್ಯಾಟರಿಯ ಸರದಿ ಅದಾದ ಮೇಲೆ.

ಲ್ಯಾಪ್‌ಟಾಪಿನ ಪರದೆ ಕತ್ತಲಾಗಿ ಒಳಗಿನ ಫ್ಯಾನು ತಿರುಗುತ್ತಿದ್ದರೆ ಅದನ್ನು ಟಿವಿಗೆ ಜೋಡಿಸಿ ನೋಡಬಹುದು. ಟಿವಿಯಲ್ಲಿ ಚಿತ್ರ ಮೂಡಿದರೆ ದೋಷ ಬಹುಮಟ್ಟಿಗೆ ಪರದೆಯಲ್ಲೋ ಅದರ ತಂತಿಯಲ್ಲೋ ಇದೆ. ಇಡೀ ಯಂತ್ರ ಸತ್ತಿಲ್ಲ. ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಅದರ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಕೆಲವು ಕಡೆ ಮಾತ್ರ ನಮ್ಮ ಕೈ ಹಿಂದೆ ಸರಿಯಲೇಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಬೆಂಕಿ ಹೊತ್ತುವ ಅಪಾಯವಿದೆ. ನೀರಿಗೆ ಬಿದ್ದ ಮೊಬೈಲನ್ನು ಕೂಡಲೇ ಆರಿಸಿಡಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ರೂಢಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಅಕ್ಕಿಯ ಪುಡಿ ಒಳಗೆ ಸೇರುತ್ತದೆ. ರಿಪೇರಿಗೆ ಕೊಡುವ ಮುನ್ನ ಸಾಧ್ಯವಾದರೆ ಚಿತ್ರ, ಕಡತಗಳ ಪ್ರತಿ ತೆಗೆದಿಟ್ಟುಕೊಂಡು, ಸಿಮ್ ಕಾರ್ಡನ್ನು ಹೊರತೆಗೆಯಬೇಕು. ಭಾಗ ಬದಲಿಸಿದರೆ ರಸೀದಿಯನ್ನೂ ಹಳೆಯ ಭಾಗವನ್ನೂ ಕೇಳಿ ಪಡೆಯಬೇಕು.

ಇದು ಬರಿಯ ಮನೆಯ ಉಳಿತಾಯದ ಮಾತಲ್ಲ. ‘ದುರಸ್ತಿಯ ಹಕ್ಕಿ’ಗೆ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿತು; ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳು ಅದರ ವ್ಯಾಪ್ತಿಯಲ್ಲಿವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಬಾಳಿಕೆ ಮುಗಿಯದ ಯಂತ್ರವನ್ನು ಎಸೆಯದಿರುವ ವಿವೇಕವನ್ನು ಯಾವ ನಿಯಮವೂ ಕಲಿಸಲಾರದು; ಅದನ್ನು ಮನೆಯೂ ಶಾಲೆಯೂ ಕಲಿಸಬೇಕು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ವಿನಂತಿ. ನಿಮ್ಮಲ್ಲಿ ಈ ಕಸುಬು ಬಲ್ಲವರಿದ್ದರೆ ತಿಂಗಳಿಗೊಂದು ಶನಿವಾರ ಶಾಲೆಗೆ ಬನ್ನಿ. ಸ್ಕ್ರೂಡ್ರೈವರ್ ಹಿಡಿಯುವುದನ್ನು ನಮ್ಮ ಹುಡುಗರಷ್ಟೇ ಹುಡುಗಿಯರೂ ಕಲಿಯಲಿ. ಮನೆಗಳಲ್ಲಿ ಮೂಲೆ ಸೇರಿದ ಲ್ಯಾಪ್‌ಟಾಪುಗಳಿದ್ದರೆ ತನ್ನಿ. ಮಕ್ಕಳೆದುರೇ ಬಿಚ್ಚಿ, ದೋಷ ಹುಡುಕಿ, ಸರಿಪಡಿಸಿ ಅಗತ್ಯವಿರುವ ಮನೆಗೆ ಕಳುಹಿಸೋಣ. ಶತಮಾನೋತ್ಸವದ ನೆನಪಿಗೆ ಒಂದು ಮೇಜು, ಒಂದು ದೀಪ, ಒಂದಿಷ್ಟು ಉಪಕರಣಗಳನ್ನು ಶಾಲೆ ಒದಗಿಸುತ್ತದೆ. ಉಳಿದದ್ದು ನಿಮ್ಮ ಕೈಯಲ್ಲಿದೆ.